ಹಿಂದಿನ ಸೀಟಿನ ಸುದ್ದಿ

ಕಾರು ನಿಮ್ಮದೇ. ಆದರೆ ಅದರ ಹಿಂದಿನ ಸೀಟಿನಲ್ಲಿ ನೀವು ಎಷ್ಟು ಸಲ ಕೂತಿದ್ದೀರಿ? ನಾನಂತೂ ಎಂಟು ವರ್ಷದಲ್ಲಿ ಒಂದು ಸಲವೂ ಕೂತಿರಲಿಲ್ಲ. ಓಡಿಸೋನಿಗೆ ಅಲ್ಲೇನು ಕೆಲಸ?

ಹಾಗಾಗಿಯೇ ಹಿಂದಿನ ಶಾಕ್ ಅಬ್ಸಾರ್ಬರ್ ಸವೆದ ಸುದ್ದಿ ಓಡಿಸುವವರಿಗೆ ಕೊನೆಗೆ ತಲುಪುತ್ತದೆ. ಬ್ರೇಕ್ ಪ್ಯಾಡ್ ಸವೆದರೆ ಕಿರುಚುತ್ತೆ. ಬ್ಯಾಟರಿ ಸತ್ತರೆ ಗಾಡಿ ಸ್ಟಾರ್ಟೇ ಆಗಲ್ಲ. ಗ್ಯಾರೇಜಿನವರು ‘ಶಾಕಪ್’ ಅನ್ನೋ ಇದು ಮಾತ್ರ ದಿನಾ ಚೂರುಚೂರೇ ಸವೆಯುತ್ತದೆ. ನಮ್ಮ ಆಫೀಸಿನ ಸರ್ವರ್ ಸ್ವಲ್ಪ ನಿಧಾನವಾದರೂ ರಾತ್ರಿ 2 ಗಂಟೆಗೆ ಫೋನ್ ಬಡಕೊಳ್ಳುತ್ತೆ. ಶಾಕಪ್ಪಿಗೆ ಡ್ಯಾಶ್‌ಬೋರ್ಡಲ್ಲಿ ಒಂದು ಲೈಟೂ ಇಲ್ಲ.

ನನಗೆ ಅಲರ್ಟ್ ಕೊಟ್ಟದ್ದು ಅಮ್ಮ. ಸೊಂಟದ ಡಿಸ್ಕ್ ತೊಂದರೆಗೆ ತಿಂಗಳಿಗೊಮ್ಮೆ ಚನ್ನರಾಯಪಟ್ಟಣದ ಹತ್ತಿರದ ನಮ್ಮೂರಿಂದ ಬೆಂಗಳೂರಿಗೆ ಕರಕೊಂಡು ಬರ್ತೀನಿ. ಒಂದು ಸಲ ಫೋನಲ್ಲಿ, “ಈ ತಿಂಗ್ಳು ಬಸ್ಸಲ್ಲೇ ಬತ್ತೀನಿ ಬುಡು ಮಗ” ಅಂದ್ಲು. ಯಾಕಮ್ಮ ಅಂತ ಬಿಡದೆ ಕೇಳಿದ ಮೇಲೆ ಬಂದ ಉತ್ತರ: “ನಿನ್ ಕಾರಲ್ಲಿ ಹಿಂದೆ ಕೂತ್ರೆ ಎತ್ತಿನಗಾಡೀಲಿ ಕೂತಂಗಾಯ್ತದೆ ಕಣಪ್ಪ. ಹಂಪ್ ದಾಟಿದ್ ಮೇಲೂ ಮೂರ್ ಸಲ ಎಗರ್ತದೆ.”

ಮೂರು ಸಲ ಎಗರೋದು. ರೋಗವೂ ಅದೇ, ಲಕ್ಷಣವೂ ಅದೇ. ಕಾರಿನ ಭಾರ ಹೊರೋದು ಸ್ಪ್ರಿಂಗ್. ಆದರೆ ಒತ್ತಿದ ಸ್ಪ್ರಿಂಗ್ ತಾನಾಗೇ ಸುಮ್ಮನಾಗಲ್ಲ, ಕುಣೀತಾನೇ ಇರುತ್ತೆ. ಆ ಕುಣಿತ ನಿಲ್ಲಿಸೋದು ಶಾಕಪ್. ಕೊಳವೆಯೊಳಗೆ ಎಣ್ಣೆ, ಎಣ್ಣೆಯೊಳಗೆ ಸಣ್ಣ ತೂತುಗಳಿರೋ ಪಿಸ್ಟನ್. ಚಕ್ರ ಎಗರಿದಾಗ ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಗ್ಗಬೇಕು. ಎಗರುವ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಸೀಲ್ ಸವೆದು ಎಣ್ಣೆ ಸೋರಿದರೆ ಉಳಿಯೋದು ಬರೀ ಸ್ಪ್ರಿಂಗ್. ಇದು ಸೊಂಟದ ಪ್ರಶ್ನೆ ಮಾತ್ರ ಅಲ್ಲ. ಎಗರುವ ಟೈರು ರಸ್ತೆಯನ್ನು ಸರಿಯಾಗಿ ಕಚ್ಚಲ್ಲ, ಬ್ರೇಕ್ ಒತ್ತಿದರೆ ಗಾಡಿ ನಿಲ್ಲೋಕೆ ಇನ್ನಷ್ಟು ದೂರ ಬೇಕಾಗುತ್ತೆ.

ಆ ಶನಿವಾರವೇ ಗ್ಯಾರೇಜಿಗೆ ಹೋದೆ. ಮೀಟರ್ 92,000 ಕಿ.ಮೀ. ತೋರಿಸ್ತಿತ್ತು. “ಎಣ್ಣೆ ಬಿಟ್ಟಿದೆ ಸಾರ್” ಅಂತ ಮೆಕ್ಯಾನಿಕ್ ಟಾರ್ಚ್ ಹಿಡಿದು ತೋರಿಸಿದರು. ಎಡಗಡೆಯದರ ಮೈಮೇಲೆಲ್ಲ ಎಣ್ಣೆಗೆ ಅಂಟಿದ ಧೂಳು. ಬಲಗಡೆಯದು ನೋಡೋಕೆ ಚೆನ್ನಾಗೇ ಇತ್ತು. ಒಂದೇ ಹಾಕಿದ್ರೆ ಸಾಲ್ದಾ ಅಂದೆ. “ಒಂದು ಕಾಲಿಗೆ ಹೊಸ ಚಪ್ಪಲಿ ಹಾಕ್ಕೊಂಡು ನಡೀತೀರಾ?” ಅಂದರು. ಜೋಡಿಯಾಗಿ ಬದಲಾಯಿಸೋದೇ ನಿಯಮ.

ನನ್ನ ಕಾರಿನ ಮುಂದೆ ಇರೋದು ಸ್ಟ್ರಟ್, ಅಂದರೆ ಸ್ಪ್ರಿಂಗೂ ಶಾಕಪ್ಪೂ ಒಂದೇ ಜೋಡಣೆ. ಹಿಂದೆ ಎರಡೂ ಬೇರೆ ಬೇರೆ, ಹಾಗಾಗಿ ಕೆಲಸ ಸುಲಭ. ಆಕ್ಸಲ್ ಕೆಳಗೆ ಬೀಳದ ಹಾಗೆ ಜಾಕ್ ಕೊಟ್ಟು, ಮೇಲಿನ ನಟ್, ಕೆಳಗಿನ ಬೋಲ್ಟ್ ಬಿಚ್ಚಿದರು. ಹಳೇದನ್ನು ನನ್ನ ಕೈಗೆ ಕೊಟ್ಟರು. ವಾಷರ್ ಹೋದ ಸೈಕಲ್ ಪಂಪಿನ ಹಾಗೆ ಸಲೀಸಾಗಿ ಒಳಗೆ ಹೋಯ್ತು, ಹೋಗಿ ಅಲ್ಲೇ ಉಳೀತು. ಹೊಸದರ ಪಟ್ಟಿ ಕತ್ತರಿಸಿದ ಕೂಡಲೇ ರಾಡ್ ತಾನಾಗೇ ನಿಧಾನಕ್ಕೆ ಮೇಲೆದ್ದಿತು. ರಬ್ಬರ್ ಬಂಪ್ ಸ್ಟಾಪನ್ನೂ ಹೊಸದು ಹಾಕಿ, ಕೆಳಗಿನ ಬೋಲ್ಟನ್ನು ಕಾರು ನೆಲಕ್ಕಿಳಿದ ಮೇಲೆ ಬಿಗಿದರು. ಗಾಳಿಯಲ್ಲಿ ತೂಗ್ತಿದ್ದಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತಂತೆ. ಒಂದೂವರೆ ಗಂಟೆಯ ಕೆಲಸ. ಕೂಲಿ ಸೇರಿ ಖರ್ಚು 5,000 ರೂಪಾಯಿಯ ಒಳಗೆ.

ಮುಂದಿನ ಸಲ ಬರುವಾಗ ಅಮ್ಮ ಬೆಳ್ಳೂರು ಕ್ರಾಸ್‌ವರೆಗೂ ಊರಿನ ಜಗಳಗಳ ವರದಿ ಒಪ್ಪಿಸ್ತಿದ್ಲು. ಕುಣಿಗಲ್ ಬರೋಷ್ಟರಲ್ಲಿ ಹಿಂದೆ ಮಾತೇ ಇಲ್ಲ. ಕನ್ನಡಿಯಲ್ಲಿ ನೋಡಿದರೆ ನಿದ್ದೆ.

ನೀವೂ ಒಮ್ಮೆ ಕಾರಿನ ಹಿಂದಿನ ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ಕೂರದೆ ತೂಗಾಡಿದರೆ ಶಾಕಪ್ ತೋರಿಸಿ. ಕೂತರೂ ಪೂರ್ತಿ ನಂಬಬೇಡಿ; ಬಗ್ಗಿ ಎಣ್ಣೆ ಸೋರಿದೆಯಾ ನೋಡಿ, ಟೈರಿನ ಮೇಲೆ ಕೈಯಾಡಿಸಿ ಗುಳಿ ಬಿದ್ದಿದೆಯಾ ನೋಡಿ. ಮನೆಯ ಹಿರಿಯರು “ನಾನು ಬಸ್ಸಲ್ಲೇ ಬರ್ತೀನಿ ಬಿಡು” ಅಂದರೆ, ಟಿಕೆಟ್ ಬುಕ್ ಮಾಡೋ ಮುಂಚೆ ಯಾಕೆ ಅಂತ ಇನ್ನೊಂದು ಸಲ ಕೇಳಿ.