ವಿಳಾಸವಿಲ್ಲದ ಅಂಗಡಿ

ನಾನು ಬೆಳೆದ ಊರಿನ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿಗಳ ಬಿಲ್ಲಿನ ಕೆಳಗೆ ಒಂದು ಸಾಲು ತಪ್ಪದೆ ಅಚ್ಚಾಗಿರುತ್ತಿತ್ತು: 'ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ.' ಕೆಲವು ಅಂಗಡಿಗಳ ಗೋಡೆಯ ಮೇಲೆ ಅದೇ ಮಾತು ಉರ್ದುವಿನಲ್ಲೂ ಇರುತ್ತಿತ್ತು. ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದ ನಾನು ಎರಡೂ ಲಿಪಿಗಳಲ್ಲಿ ಅದನ್ನು ಅಕ್ಷರ ಕೂಡಿಸಿ ಓದಿದವನು. ಆದರೆ ಆ ಸಾಲನ್ನು ಯಾರೂ ಅಷ್ಟಾಗಿ ನಂಬುತ್ತಿರಲಿಲ್ಲ. ಹಬ್ಬಕ್ಕೆ ತಂದ ಬಟ್ಟೆಯಲ್ಲಿ ತೂತು ಕಂಡರೆ ಅಮ್ಮಿ ಬುರ್ಖಾ ಹಾಕಿಕೊಂಡು ನೇರ ಅಂಗಡಿಗೇ ಹೋಗುತ್ತಿದ್ದರು. ಸೇಟು ಮೊದಲು ಮುಖ ಸಿಂಡರಿಸುತ್ತಿದ್ದರು, ಆಮೇಲೆ ಇನ್ನೊಂದು ಥಾನು ಬಿಚ್ಚುತ್ತಿದ್ದರು. ಅಮ್ಮಿಗೆ ಗ್ರಾಹಕರ ಕಾನೂನೇನೂ ಗೊತ್ತಿರಲಿಲ್ಲ. ಅಂಗಡಿ ನಾಳೆಯೂ ಅಲ್ಲೇ ಇರುತ್ತದೆ, ಸೇಟು ನಾಳೆಯೂ ಅದೇ ಗಾದಿಯ ಮೇಲೆ ಕೂತಿರುತ್ತಾರೆ ಎಂಬುದಷ್ಟೇ ಅವರ ಧೈರ್ಯವಾಗಿತ್ತು.

ಈಗ ಅಂಗಡಿ ನಮ್ಮ ಅಂಗೈಯಲ್ಲೇ ಇದೆ. ಆದರೆ ಅದರ ಗಾದಿ ಯಾವ ದೇಶದಲ್ಲಿದೆಯೆಂದು ಕೊಳ್ಳುವವರಿಗೆ ತಿಳಿಯದು. ನಮ್ಮಲ್ಲಿ ಗ್ರಾಹಕರ ಹಕ್ಕಿನ ಬಗ್ಗೆ ಮಾತನಾಡುವವರು ಕಾನೂನಿನ ಕಲಮುಗಳನ್ನು ಹೇಳಿ ಮುಗಿಸುತ್ತಾರೆ. ಹಕ್ಕು ಇದ್ದ ಮಾತ್ರಕ್ಕೆ ಹಣ ವಾಪಸು ಬರುತ್ತದೆಯೇ? ಈ ಪ್ರಶ್ನೆ ನನ್ನೆದುರು ನಿಂತದ್ದು 2024ರಲ್ಲಿ, ನಮ್ಮ ಬೀದಿಯ ಆಪಾ ಒಬ್ಬರ ದೆಸೆಯಿಂದ.

ಆಪಾ ಗಂಡನನ್ನು ಕಳೆದುಕೊಂಡು ಹೊಲಿಗೆಯಿಂದಲೇ ಮೂರು ಮಕ್ಕಳನ್ನು ಓದಿಸಿದವರು. ಮದುವೆ ಬಟ್ಟೆಗಳಿಗೆ ಕಸೂತಿ ಹಾಕುವುದರಲ್ಲಿ ಅವರ ಕೈ ದೊಡ್ಡದು. ಕಣ್ಣು ಮಂಜಾಗತೊಡಗಿದಾಗ ಕಸೂತಿ ಹಾಕುವ ಯಂತ್ರವೊಂದನ್ನು ಕೊಳ್ಳಬೇಕೆಂದುಕೊಂಡರು. ಫೋನಿನಲ್ಲಿ ಜಾಹೀರಾತು ಬಂತು. ಅರ್ಧಕ್ಕಿಂತ ಕಡಿಮೆ ಬೆಲೆ, 'ಇನ್ನು 3 ಮಾತ್ರ ಉಳಿದಿವೆ' ಎಂಬ ಎಚ್ಚರಿಕೆ, ಪಕ್ಕದಲ್ಲಿ ಓಡುವ ಗಡಿಯಾರ. ಅಂಗಡಿಯ ಹೆಸರು ನಮ್ಮ ದೇಶದ್ದೇ ಅನ್ನುವ ಹಾಗಿತ್ತು, ಬೆಲೆಯೂ ರೂಪಾಯಿಯಲ್ಲೇ ಇತ್ತು. ಬೆಂಗಳೂರಿನಲ್ಲಿರುವ ಮಗನ ಕ್ರೆಡಿಟ್ ಕಾರ್ಡಿನಿಂದ 21,400 ರೂಪಾಯಿ ಕಟ್ಟಿಸಿದರು. ಓಟಿಪಿ ಕೂಡ ಕೇಳದೆ ಹಣ ಹೋಯಿತು. ಬ್ಯಾಂಕಿನ ಸಂದೇಶದಲ್ಲಿ ಡಾಲರಿನ ಲೆಕ್ಕ ಕಂಡಾಗಲೇ ಅಂಗಡಿ ಹೊರದೇಶದ್ದೆಂದು ಗೊತ್ತಾದದ್ದು.

ನಾಲ್ಕು ವಾರಗಳ ನಂತರ ಪಾರ್ಸೆಲ್ ಬಂತು. ಒಳಗಿದ್ದದ್ದು ಅಂಗೈಯಗಲದ, ಸೆಲ್ಲು ಹಾಕಿ ಓಡಿಸುವ, ಮಕ್ಕಳ ಆಟಿಕೆಯಂಥ ಹೊಲಿಗೆ ಯಂತ್ರ! ಆಪಾ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ಭಾಯ್, ನೀವು ಓದಿದವರು, ಪೇಪರಿಗೆ ಬರೆಯುವವರು. ಇವರಿಗೆ ಒಂದು ಕಾಗದ ಬರೆಯಿರಿ" ಎಂದರು.

"ಬರೀತೀನಿ ಆಪಾ, ವಿಳಾಸ ಎಲ್ಲಿದೆ?" ಎಂದೆ.

ವಿಳಾಸ ಇರಲಿಲ್ಲ. ಒಂದು ಇ-ಮೇಲ್ ಮಾತ್ರ ಇತ್ತು. ಕಥೆ ಬರೆಯುವ ನನಗೆ ಇಂಥ ಪಾತ್ರ ಎಂದೂ ಹೊಳೆದಿರಲಿಲ್ಲ. ಹಣ ಪಡೆಯಲು ಕೈಯಿದೆ, ಉತ್ತರಿಸಲು ಮುಖವಿಲ್ಲ.

ನಾವು ಬರೆದೆವು. ಉತ್ತರ ತುಂಬಾ ವಿನಯದಿಂದ ಬಂತು. ವಸ್ತುವನ್ನು ನೀವೇ ಇಟ್ಟುಕೊಳ್ಳಿ, ನೂರಕ್ಕೆ 15ರಷ್ಟು ಹಣ ಕೊಡುತ್ತೇವೆ. ಬೇಡವೆಂದೆವು. 25 ಎಂದರು, ಆಮೇಲೆ 40 ಎಂದರು. ಪೂರ್ತಿ ಹಣ ಬೇಕಿದ್ದರೆ ಚೀನಾದ ಗೋದಾಮಿಗೆ ನಿಮ್ಮ ಖರ್ಚಿನಲ್ಲೇ ಕಳಿಸಿ ಎಂದರು. ಹೀಗೆ ದಿನ ದೂಡುವುದರಲ್ಲಿ ಒಂದು ಲೆಕ್ಕಾಚಾರವಿದೆ. ಕಾರ್ಡಿನ ಮೂಲಕ ಕೊಟ್ಟ ಹಣದ ಬಗ್ಗೆ ತಕರಾರು ಎತ್ತಲು ಗಡುವಿರುತ್ತದೆ; ಅದು ದಾಟಿದರೆ ಮಾರಿದವನು ಗೆದ್ದಂತೆ. ನೂರಕ್ಕೆ 15ರಷ್ಟಕ್ಕೆ ಒಪ್ಪಿದರೂ ಗೆದ್ದಂತೆಯೇ, ಏಕೆಂದರೆ 'ಗ್ರಾಹಕರು ರಾಜಿಯಾಗಿದ್ದಾರೆ' ಎಂದು ಬ್ಯಾಂಕಿನ ಮುಂದೆ ಅವನು ತೋರಿಸಬಹುದು. ಆ ಪುಟ್ಟ ಆಟಿಕೆ ಕಳಿಸಿದ್ದೂ ಸುಮ್ಮನಲ್ಲ. ಪಾರ್ಸೆಲ್ ತಲುಪಿದೆಯೆಂಬ ದಾಖಲೆ ಅವನಿಗೆ ಬೇಕಿತ್ತು.

ಕಾನೂನು ಏನು ಹೇಳುತ್ತದೆ? 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂತು. ಮೊದಲು ಎದುರು ಪಕ್ಷದವರು ಇರುವ ಅಥವಾ ವ್ಯವಹಾರ ನಡೆದ ಕಡೆ ದೂರು ಕೊಡಬೇಕಿತ್ತು. ಈಗ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದ ಒಳಗೆ ದೂರು ಸಲ್ಲಬೇಕು. ಅದೇ ಜುಲೈಯಲ್ಲಿ ಬಂದ ಇ-ವಾಣಿಜ್ಯ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಭಾರತದಲ್ಲಿ ಕಚೇರಿ ಇಲ್ಲದಿದ್ದರೂ ಇಲ್ಲಿನ ಗ್ರಾಹಕರಿಗೆ ಕ್ರಮಬದ್ಧವಾಗಿ ಮಾರುವ ಹೊರದೇಶದ ಸಂಸ್ಥೆಗಳಿಗೂ ಅವು ಅನ್ವಯಿಸುತ್ತವೆ. ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು. ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಪಾರನ್ನು ಅವಸರಪಡಿಸಿದ ಆ ಸುಳ್ಳು ಗಡಿಯಾರವನ್ನೂ ಸರಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ಓದಲು ಎಷ್ಟು ಚೆನ್ನಾಗಿದೆ! ಆದರೆ ಆಯೋಗದ ನೋಟೀಸನ್ನು ಯಾವ ಬಾಗಿಲಿಗೆ ಅಂಟಿಸುವುದು? ಆದೇಶ ನಮ್ಮ ಪರವಾಗಿ ಬಂದರೂ, ಇಲ್ಲಿ ಕಚೇರಿಯೂ ಆಸ್ತಿಯೂ ಇಲ್ಲದವನಿಂದ ವಸೂಲಿ ಮಾಡುವುದು ಹೇಗೆ? ಇಲ್ಲಿ ಕಚೇರಿ ಇರುವ ದೊಡ್ಡ ಮಾರುಕಟ್ಟೆ ತಾಣದ ಮೂಲಕ ವಿದೇಶಿ ಮಾರಾಟಗಾರನಿಂದ ಕೊಂಡರೆ ಹಿಡಿಯಲು ಒಂದು ಕೈಯಾದರೂ ಸಿಗುತ್ತದೆ. ಜಾಹೀರಾತಿನಿಂದ ನೇರ ಕೊಂಡರೆ ಅದೂ ಇಲ್ಲ. ದೊಡ್ಡ ತಾಣವೇ ಶಾಶ್ವತ ಎನ್ನುವಂತೆಯೂ ಇಲ್ಲ. 2020ರ ನವೆಂಬರಿನಲ್ಲಿ ಸರಕಾರ ಅಲಿಎಕ್ಸ್‌ಪ್ರೆಸ್ ಸೇರಿದಂತೆ 43 ಆ್ಯಪ್‌ಗಳನ್ನು ನಿರ್ಬಂಧಿಸಿದಾಗ ಲಕ್ಷಾಂತರ ಫೋನುಗಳಲ್ಲಿ ಆ ಅಂಗಡಿಯ ಬಾಗಿಲು ರಾತ್ರಿ ಬೆಳಗಾಗುವುದರೊಳಗೆ ಮುಚ್ಚಿತು.

ಸುಂಕದ ಮಾತೂ ಇದೆ. ಹೊರದೇಶದಿಂದ ಪಾರ್ಸೆಲ್ ತರಿಸಿದರೆ ಕಾನೂನಿನ ಕಣ್ಣಿನಲ್ಲಿ ಆಮದುದಾರರು ನಾವೇ. ಹಿಂದೆ 5,000 ರೂಪಾಯಿಯೊಳಗಿನ ಉಡುಗೊರೆಗಳಿಗೆ ಸುಂಕವಿರಲಿಲ್ಲ. ಅದನ್ನು ನೆಪ ಮಾಡಿಕೊಂಡು ಮಾರಾಟದ ಮಾಲನ್ನೂ 'ಗಿಫ್ಟ್' ಎಂದು ಬರೆದು ಕಳಿಸುವ ಚಾಳಿ ಬೆಳೆಯಿತು. 2019ರ ಡಿಸೆಂಬರಿನಲ್ಲಿ ರಾಖಿ ಮತ್ತು ಜೀವರಕ್ಷಕ ಔಷಧಿಗಳನ್ನು ಬಿಟ್ಟು ಉಳಿದವಕ್ಕೆ ಆ ದಾರಿ ಮುಚ್ಚಿತು. ಈಗಲೂ ಕೆಲವು ಮಾರಾಟಗಾರರು ಬೆಲೆ ಕಡಿಮೆ ಬರೆದು ಕಳಿಸುತ್ತಾರೆ. ಸುಂಕದ ಕಟ್ಟೆಯಲ್ಲಿ ತಡೆದರೆ ಉತ್ತರ ಹೇಳಬೇಕಾದವರು ನಾವು. ಆಪಾರ ಪಾರ್ಸೆಲ್ಲಿನ ಮೇಲೂ 21,400ರ ಸುಳಿವಿರಲಿಲ್ಲ. ಐದು ಡಾಲರಿನ ಮಾಲು ಎಂದಿತ್ತು. ಆ ಚೀಟಿಯನ್ನು ಹರಿಯದೆ ಇಟ್ಟದ್ದು ಒಳ್ಳೆಯದಾಯಿತು. ಮಾರಿದವನೇ ತನ್ನ ಮಾಲಿನ ನಿಜವಾದ ಬೆಲೆಯನ್ನು ಬರೆದುಕೊಟ್ಟಿದ್ದ!

ಇಷ್ಟಾದ ಮೇಲೆ ನಮಗೆ ಉಳಿದದ್ದು ಹಣ ಹೋದ ದಾರಿ ಒಂದೇ. ಆ ದಾರಿಯಲ್ಲಿ ವಿಳಾಸವಿರುವ ಒಬ್ಬರಿದ್ದರು, ಮಗನ ಬ್ಯಾಂಕು. ಮಗ ಬೆಂಗಳೂರಿನ ಶಾಖೆಗೆ ಹೋದ. ಅಲ್ಲಿನವರು, "ಕಾರ್ಡಿನ ನಂಬರು ನೀವೇ ಕೊಟ್ಟಿದ್ದೀರಿ, ನಾವೇನೂ ಮಾಡೋಕಾಗಲ್ಲ" ಎಂದು ಕೈಚೆಲ್ಲಿದರು. ಇದು ಎರಡು ಬೇರೆ ಬೇರೆ ಸಂಗತಿಗಳನ್ನು ಬೆರೆಸಿದ ಮಾತು. ನಮಗೆ ತಿಳಿಯದೆ ಯಾರೋ ಹಣ ಎಳೆದುಕೊಂಡರೆ ಅದು ಅನಧಿಕೃತ ವಹಿವಾಟು. ಅದಕ್ಕೆ ರಿಸರ್ವ್ ಬ್ಯಾಂಕಿನ ಸೂಚನೆಗಳಿವೆ. ನಾವೇ ಕೊಟ್ಟ ಹಣಕ್ಕೆ ಮಾಲು ಬಾರದಿದ್ದರೆ, ಅಥವಾ ಹೇಳಿದ ಮಾಲಿನ ಬದಲು ಬೇರೊಂದು ಬಂದರೆ, ಅದು ತಕರಾರು. ಇದಕ್ಕೆ ವೀಸಾ, ಮಾಸ್ಟರ್‌ಕಾರ್ಡ್‌ಗಳ ನಿಯಮಗಳಲ್ಲೇ 'ಚಾರ್ಜ್‌ಬ್ಯಾಕ್' ಎಂಬ ಏರ್ಪಾಡಿದೆ. ನಮ್ಮ ಬ್ಯಾಂಕು ಮಾರಿದವನ ಬ್ಯಾಂಕಿನಿಂದ ಹಣವನ್ನು ಹಿಂದಕ್ಕೆ ಕೇಳುತ್ತದೆ. ಮಾರಿದವನು ಯಾವ ದೇಶದಲ್ಲಿದ್ದರೂ ಅದು ಸಲ್ಲುತ್ತದೆ. ಸಾಮಾನ್ಯವಾಗಿ 120 ದಿನಗಳ ಗಡುವು, ಆದರೆ ಅಷ್ಟು ದಿನ ಕಾಯುವುದು ಜಾಣತನವಲ್ಲ.

ಅರ್ಜಿಯನ್ನು ನಾನು ಬರೆದೆ. ಜಾಹೀರಾತಿನ ಚಿತ್ರ, ಹಣ ಕಟ್ಟಿದ ರಸೀದಿ, ಆಟಿಕೆಯನ್ನು ಅಡಿಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಫೋಟೋ, ಐದು ಡಾಲರಿನ ಚೀಟಿ, 15, 25, 40ರ ಆ ಚೌಕಾಸಿ ಪತ್ರಗಳು, ವಾಪಸು ಕಳಿಸಲು ನಾವು ಸಿದ್ಧವಿದ್ದೆವೆಂಬ ಉತ್ತರ, ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿದೆವು. ಇ-ಮೇಲಿನಲ್ಲೂ ಕಳಿಸಿ ದೂರಿನ ಸಂಖ್ಯೆ ಪಡೆದೆವು. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗುತ್ತೇವೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದೆ. ಎರಡು ತಿಂಗಳ ಮೇಲೆ ಯಂತ್ರದ ಹಣ ಮರಳಿ ಬಂತು. ವಿದೇಶಿ ವಿನಿಮಯದ ಹೆಸರಿನಲ್ಲಿ ಹಿಡಿದದ್ದು ಬರಲಿಲ್ಲ. ಆ ಎರಡು ತಿಂಗಳಲ್ಲಿ ಆಪಾ ಕೈಬಿಟ್ಟ ಮದುವೆ ಬಟ್ಟೆಗಳ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ.

ಗೆದ್ದೆವೆಂದು ಬೀಗಲು ನಾನು ಇದನ್ನು ಬರೆಯುತ್ತಿಲ್ಲ. ಅದೇ ಹಣವನ್ನು ನೇರವಾಗಿ ಯಾರದೋ ಖಾತೆಗೆ ವರ್ಗಾಯಿಸಿದ್ದರೆ ಈ ದಾರಿ ಇರುತ್ತಿರಲಿಲ್ಲ. ಹೊರದೇಶದ ವ್ಯಾಪಾರದಲ್ಲಿ ಗ್ರಾಹಕರ ಬಲವೆಲ್ಲ ಹಣವನ್ನು ಹೇಗೆ ಕೊಟ್ಟರು, ಎಷ್ಟು ಬೇಗ ದೂರಿದರು ಎಂಬುದರಲ್ಲಿದೆ. ಕಾಯ್ದೆ ಅದರ ಹಿಂದೆ ನಿಂತ ಗೋಡೆಯಷ್ಟೆ. ಹಾಗಾಗಿ ಕೊಳ್ಳುವ ಮೊದಲೇ ಅಂಗಡಿಗೆ ಬೀದಿ, ಊರು ಇದೆಯೇ, ಕುಂದುಕೊರತೆ ಅಧಿಕಾರಿಯ ಹೆಸರಿದೆಯೇ, ವಾಪಸಿನ ಖರ್ಚು ಯಾರದು, ಎಲ್ಲಿಗೆ ಕಳಿಸಬೇಕು ಎಂದು ನೋಡಬೇಕು. 2020ರ ಅಕ್ಟೋಬರಿನಿಂದ ಕಾರ್ಡಿನ ವಿದೇಶಿ ಬಳಕೆಯನ್ನು ತೆರೆಯುವ, ಮುಚ್ಚುವ ಅಧಿಕಾರ ನಮ್ಮದೇ ಕೈಯಲ್ಲಿದೆ. ಬೇಕಾದಾಗ ತೆರೆದು ಕೆಲಸ ಮುಗಿದೊಡನೆ ಮುಚ್ಚಿದರಾಯಿತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಆದರೆ ಎಲ್ಲ ಭಾರವನ್ನೂ ಆಪಾರಂಥವರ ಹೆಗಲಿಗೇ ಹೊರಿಸಿ 'ಎಚ್ಚರವಾಗಿರಿ' ಎನ್ನುವುದು ನ್ಯಾಯವಲ್ಲ. ಜಾಹೀರಾತು ಅವರ ಫೋನಿಗೆ ಕನ್ನಡದಲ್ಲೇ ಬಂದಿತ್ತು. ಕೊಳ್ಳುವ ಗುಂಡಿಯೂ ಕನ್ನಡದಲ್ಲೇ ಇತ್ತು. ವಾಪಸಿನ ಷರತ್ತುಗಳು ಮಾತ್ರ ಇಂಗ್ಲಿಷಿನಲ್ಲಿ, ಅದೂ ಇರುವೆಯಂಥ ಅಕ್ಷರಗಳಲ್ಲಿ! ಮಾರಲು ಬರುವ ಭಾಷೆ ಹೊಣೆ ಹೊರಲು ಏಕೆ ಬರುವುದಿಲ್ಲ? ಆ ಜಾಹೀರಾತಿಗೆ ಹಣ ಪಡೆದು ಅದನ್ನು ಅವರ ಅಂಗೈಗೆ ತಂದುಹಾಕಿದ ಕಂಪನಿಗೆ ನಮ್ಮ ದೇಶದಲ್ಲಿ ಕಚೇರಿಯಿದೆ, ವಿಳಾಸವಿದೆ. ವಿಳಾಸವಿಲ್ಲದ ಅಂಗಡಿಯನ್ನು ನಮ್ಮ ಮನೆಯೊಳಗೆ ಕರೆತಂದವರನ್ನು ಮೊದಲು ಕೇಳಬೇಕಲ್ಲವೇ? ಪ್ರತಿ ವರ್ಷ ಡಿಸೆಂಬರ್ 24ರಂದು ರಾಷ್ಟ್ರೀಯ ಗ್ರಾಹಕರ ದಿನದ ಭಾಷಣಗಳು ನಡೆಯುತ್ತವೆ. ಅದಕ್ಕಿಂತ ನಮ್ಮ ಮೊಹಲ್ಲಾಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಹೊಲಿಗೆ ತರಬೇತಿಯ ಕೋಣೆಗಳಲ್ಲಿ ತಕರಾರು ಅರ್ಜಿ ಬರೆಯುವುದನ್ನು ಒಂದು ಸಂಜೆ ಕಲಿಸಿದರೆ ಹೆಚ್ಚು ಉಪಯೋಗವಾದೀತು. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು ಮಾದರಿ ಅರ್ಜಿ ಇದ್ದರೆ ಸಾಕು, ಅದನ್ನು ನೋಡಿ ಒಬ್ಬರು ಇನ್ನೊಬ್ಬರಿಗೆ ಬರೆದುಕೊಡಬಹುದು.