ಇನ್ನೂ ಹತ್ತು ಕುದುರೆ

ಸ್ಪೋರ್ಟ್ಸ್ ಕಾರು ಕೊಂಡವರಿಗೆ ಅದರ ಶಕ್ತಿ ಸಾಕೆನಿಸುವುದು ಮೊದಲ ಕೆಲವು ತಿಂಗಳು ಮಾತ್ರ. ಆಮೇಲೆ ಇನ್ನೂ ಹತ್ತು ಕುದುರೆ ಕಟ್ಟಿದರೆ ಹೇಗೆ ಎಂಬ ಯೋಚನೆ ಹುಟ್ಟುತ್ತದೆ. ಟರ್ಬೊ ಎಂಜಿನ್ನಾದರೆ ಕಂಪ್ಯೂಟರಿನಲ್ಲಿ ನಾಲ್ಕು ಅಂಕಿ ತಿದ್ದಿ ಗಾಳಿಯ ಒತ್ತಡ ಏರಿಸಿದರೆ ಆಸೆ ಬಹುಮಟ್ಟಿಗೆ ತೀರುತ್ತದೆ. ಟರ್ಬೊ ಇಲ್ಲದ್ದಕ್ಕೆ ವಾತಾವರಣ ಕೊಟ್ಟಷ್ಟೇ ಗಾಳಿ. ಅದೇ ಗಾಳಿಯನ್ನು ಇನ್ನಷ್ಟು ಸಲೀಸಾಗಿ ಎಳೆಯಬೇಕು, ಇನ್ನಷ್ಟು ಬಿಗಿಯಾಗಿ ಒತ್ತಬೇಕು, ಇಲ್ಲವೇ ನಿಮಿಷಕ್ಕೆ ಇನ್ನಷ್ಟು ಸುತ್ತು ತಿರುಗಬೇಕು. ಇದರಲ್ಲಿ ತಯಾರಕರು ಎಷ್ಟನ್ನು ಆಗಲೇ ಹಿಂಡಿಕೊಂಡಿದ್ದಾರೆ ಎಂದು ನೋಡದೆ ದುಡ್ಡು ಸುರಿಯಬಾರದು ಎನ್ನುವುದು ನನ್ನ ವಾದ.

ಹೋಂಡಾ ಎಸ್ 2000 ಇದಕ್ಕೆ ಒಳ್ಳೆಯ ಸಾಕ್ಷಿ. 1999ರಲ್ಲಿ ಬಂದ ಈ ಕಾರಿನ 1997 ಸಿಸಿ ಎಂಜಿನ್ ಜಪಾನಿನಲ್ಲಿ 250 ಅಶ್ವಶಕ್ತಿ ಕೊಡುತ್ತಿತ್ತು, ಲೀಟರಿಗೆ 125ರಂತೆ. ತಿರುಗುವ ಮಿತಿ 9000 ಆರ್‌ಪಿಎಂ. ಪಿಸ್ಟನ್ ಪ್ರತಿ ಸುತ್ತಿಗೆ 84 ಮಿಲಿಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯುತ್ತದೆ. ಲೆಕ್ಕ ಹಾಕಿದರೆ ಆ ಮಿತಿಯಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 25 ಮೀಟರ್. ಅದೂ ಸೆಕೆಂಡಿಗೆ 300 ಸಲ ನಿಂತು ದಿಕ್ಕು ಬದಲಿಸುತ್ತಾ! ಮಿತಿಯನ್ನು 9500ಕ್ಕೆ ಏರಿಸಿದರೆ ವೇಗ ಹೆಚ್ಚುವುದು ಶೇ 5.5ರಷ್ಟು, ಆದರೆ ಕನೆಕ್ಟಿಂಗ್ ರಾಡಿನ ಮೇಲಿನ ಎಳೆತ ಹೆಚ್ಚುವುದು ಶೇ 11ರಷ್ಟು, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 2004ರಲ್ಲಿ ಅಮೆರಿಕಕ್ಕೆಂದು ಎಂಜಿನ್ನನ್ನು 2157 ಸಿಸಿಗೆ ಹಿಗ್ಗಿಸಿದಾಗ ಪಿಸ್ಟನ್ ಓಡಾಟ 90.7 ಮಿಲಿಮೀಟರ್ ಆಯಿತು. ಕೂಡಲೇ ಹೋಂಡಾವೇ ಮಿತಿಯನ್ನು 8000ದ ಆಸುಪಾಸಿಗೆ ಇಳಿಸಿತು. ಟಾರ್ಕ್ ಹೆಚ್ಚಿತು, ಗರಿಷ್ಠ ಶಕ್ತಿ ಮಾತ್ರ ಅಲ್ಲಾಡಲಿಲ್ಲ. ಮಾಡಿದವರೇ ದಾಟದ ಗೆರೆಯನ್ನು ಬೀದಿ ಬದಿಯ ಗ್ಯಾರೇಜಿನಲ್ಲಿ ದಾಟಲು ಹೊರಡುವುದು ಧೈರ್ಯವೇನೋ ಹೌದು. ಪೋರ್ಶೆಯಂಥ ಪೋರ್ಶೆ ಕೂಡ 2014ರಲ್ಲಿ, ಕನೆಕ್ಟಿಂಗ್ ರಾಡಿನ ಬೋಲ್ಟು ಸಡಿಲಗೊಂಡ ಕಾರಣಕ್ಕೆ, 9000 ತಿರುಗುವ 785 ಜಿಟಿ3 ಕಾರುಗಳ ಎಂಜಿನ್ ಬದಲಿಸಿಕೊಡಬೇಕಾಯಿತು.

ಹಾಗಾದರೆ ಮಾಜ್ದಾ ಹೇಗೆ ಹೆಚ್ಚಿಸಿತು ಎಂದು ಕೇಳಬಹುದು. ಎಂಎಕ್ಸ್-5ರ ಎರಡು ಲೀಟರ್ ಎಂಜಿನ್ 2019ರ ಮಾದರಿಯಲ್ಲಿ 160ರಿಂದ 184 ಅಶ್ವಶಕ್ತಿಗೆ ಏರಿದ್ದು ನಿಜ, ಮಿತಿ 6800ರಿಂದ 7500ಕ್ಕೆ ಹೋದದ್ದೂ ನಿಜ. ಆದರೆ ಅದಕ್ಕಾಗಿ ಪ್ರತಿ ಪಿಸ್ಟನ್ನಿನಿಂದ 27 ಗ್ರಾಂ, ಪ್ರತಿ ರಾಡಿನಿಂದ 41 ಗ್ರಾಂ ತೂಕ ಇಳಿಸಿದರು. ಥ್ರಾಟಲ್, ಎಕ್ಸಾಸ್ಟ್ ವಾಲ್ವ್‌ಗಳನ್ನು ದೊಡ್ಡದು ಮಾಡಿದರು. ಅಲ್ಲಿ ಹಿಂಡಲು ಉಳಿದಿತ್ತು, ಹಿಂಡುವ ಮೊದಲು ಒಳಗಿನ ಭಾಗಗಳನ್ನು ಹಗುರ ಮಾಡಿದರು. ಅಂಗಡಿಯಲ್ಲಿ ಸಿಗುವ ಬರಿಯ ಏರ್ ಫಿಲ್ಟರಿಗೆ ಈ ಪವಾಡ ಸಾಧ್ಯವಿಲ್ಲ. ಬಾನೆಟ್ಟಿನೊಳಗಿನ ಬಿಸಿ ಗಾಳಿಯನ್ನೇ ಎಳೆಯುವ ಫಿಲ್ಟರಾದರಂತೂ, 20 ಡಿಗ್ರಿಯ ಗಾಳಿಯ ಬದಲು 50 ಡಿಗ್ರಿಯದು ಒಳಹೋಗಿ ಅದರ ಸಾಂದ್ರತೆ ಶೇ 9ರಷ್ಟು ಕುಗ್ಗುತ್ತದೆ. ಮಂಗಳೂರಿನ ಕಡಲ ಮಟ್ಟದಿಂದ 900 ಮೀಟರ್ ಮೇಲಿನ ಬೆಂಗಳೂರಿಗೆ ಬಂದರೆ ಟರ್ಬೊ ಇಲ್ಲದ ಕಾರು ಕಳೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ. ದುಡ್ಡು ಕೊಟ್ಟು ಘಾಟಿ ಹತ್ತಿಸಿದಂತಾಯಿತು.

ರೇಸಿನವರು ಇನ್ನೂ ಹೆಚ್ಚು ತೆಗೆಯುತ್ತಾರಲ್ಲ ಎಂದರೆ, ತೆಗೆಯುತ್ತಾರೆ. ಎಂಜಿನ್ ಓಡಿದ ಗಂಟೆಗಳನ್ನು ಎಣಿಸಿ, ಬಿಚ್ಚಿ ಹೊಸ ಭಾಗ ಹಾಕುತ್ತಾರೆ. ದಿನವೂ ಓಡಿಸಿ ವರ್ಷಗಟ್ಟಲೆ ಬಾಳಬೇಕು ಎನ್ನುವವರಿಗೆ ನನಗೆ ತೋರುವ ದಾರಿ ತೂಕದ್ದು. ಎಸ್ 2000ರ ತೂಕ ಸುಮಾರು 1240 ಕಿಲೊ. ಹಗುರ ಚಕ್ರ, ಹಗುರ ಸೀಟು, ಬೇಡದ ಸಾಮಾನು ಎಂದು 50 ಕಿಲೊ ಇಳಿಸಿದರೆ ಪ್ರತಿ ಕಿಲೊಗೆ ಸಿಗುವ ಶಕ್ತಿಯ ಲೆಕ್ಕದಲ್ಲಿ 10 ಅಶ್ವಶಕ್ತಿ ಕೂಡಿಸಿದಷ್ಟೇ ಫಲ, ಎಂಜಿನ್ನಿಗೆ ಒಂದು ಸ್ಪ್ಯಾನರ್ ಕೂಡ ತಾಗದೆ. ಇದು ಶಕ್ತಿಯಲ್ಲ, ಲೆಕ್ಕದ ಚಮತ್ಕಾರ ಎನ್ನುವವರು ಬ್ರೇಕನ್ನೂ ತಿರುವನ್ನೂ ಮರೆಯುತ್ತಾರೆ. ಹೆಚ್ಚಿದ ಅಶ್ವಶಕ್ತಿ ಅಲ್ಲಿ ಕೆಲಸಕ್ಕೆ ಬರದು, ಇಳಿದ ತೂಕ ಬರುತ್ತದೆ. ಮಿಕ್ಕ ದುಡ್ಡು ಆಯಿಲ್ ಕೂಲರಿಗೂ ಬ್ರೇಕ್ ಪ್ಯಾಡಿಗೂ ವಾಲ್ವ್ ಸ್ಪ್ರಿಂಗನ್ನು ಹಿಡಿದಿಡುವ ಗಟ್ಟಿ ರಿಟೇನರುಗಳಿಗೂ ಹೋಗಲಿ. ನಾಲ್ಕನೇ ಗೇರಿನಿಂದ ಮೂರಕ್ಕೆ ಎಂದು ಎಳೆದದ್ದು ಅವಸರದಲ್ಲಿ ಒಂದಕ್ಕೆ ಬಿದ್ದರೆ, ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ಪೆಟ್ರೋಲ್ ಕಡಿದು ಕಾಯುವ ಲಿಮಿಟರ್ ಆಗ ಏನೂ ಮಾಡಲಾರದು. ಹಳೆಯ ಎಸ್ 2000ಗಳಲ್ಲಿ ರಿಟೇನರ್ ಬಿರುಕು ಬಿಟ್ಟದ್ದಕ್ಕೆ ಹೆಚ್ಚಾಗಿ ಇದೇ ಕಾರಣ. ಹೊಸ ಸೈಲೆನ್ಸರಿಗೆ ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು ಆಯಿಲ್ ಎಷ್ಟಿದೆ ನೋಡಿ.