ಅತ್ತಿಗೆಗೆಂದು ಬಂದ ಅತ್ತರು

ಮೂಗಿನ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವ ಅರ್ಹತೆ ನನಗಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ, ಸೀದು, ತಳ ಹಿಡಿದು, ಪಕ್ಕದ ಮನೆಯವರು ಬಂದು ಕದ ತಟ್ಟಿದ ಮೇಲೆ ಪುಸ್ತಕದಿಂದ ತಲೆಯೆತ್ತಿದ ಕೀರ್ತಿ ನನ್ನದು. ಸುಗಂಧವನ್ನು ಕುರಿತು ಲೇಖನ ಬರೆಯಲು ಕುಳಿತಿದ್ದೇನೆಂದು ತಿಳಿದಾಗ ನನ್ನಾಕೆ ನಕ್ಕದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೂ ಕಳೆದ ದಸರೆಯಿಂದೀಚೆಗೆ ನಮ್ಮ ಮನೆಯಲ್ಲಿ ನಡೆದಿರುವುದನ್ನು ಬರೆಯದೆ ಇರಲಾರೆ. ಅಮ್ಮ ಈ ಪತ್ರಿಕೆಯಲ್ಲಿ ಧಾರಾವಾಹಿಯೊಂದನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲವೆಂಬುದೇ ನನಗಿರುವ ಧೈರ್ಯ.

ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿ ದಸರೆಗೆಂದು ಮೈಸೂರಿಗೆ ಬಂದವಳು ತನ್ನ ಅತ್ತಿಗೆಗೆ ಒಂದು ಶೀಸೆ ಸೆಂಟು ತಂದುಕೊಟ್ಟಳು. ಕೆಳಗೆ ಗುಂಡಗೆ, ಮೇಲೆ ನೀಳವಾದ ಕೊರಳು, ಕೊರಳ ತುಂಬ ಚಿನ್ನದ ಬಣ್ಣದ ಸುತ್ತುಗಳು. "ಗಿಂಡಿಗೆ ಯಾರೋ ಅಡ್ಡಿಕೆ ಹಾಕಿದ ಹಾಗಿದೆಯಲ್ಲೇ!" ಎಂದಳು ಅಮ್ಮ. ಅದರ ಹೆಸರು ‘ಜಾದೋರ್’. ಫ್ರೆಂಚ್ ಭಾಷೆಯಲ್ಲಿ ‘ನಾನು ಆರಾಧಿಸುತ್ತೇನೆ’ ಎಂದು ಅರ್ಥವಂತೆ. ಪ್ಯಾರಿಸ್ಸಿನ ಡಿಯೊರ್ ಸಂಸ್ಥೆಯವರು 1999ರಲ್ಲಿ ಹೊರತಂದ ಈ ಸುಗಂಧವನ್ನು ಸಂಯೋಜಿಸಿದವರು ಕ್ಯಾಲಿಸ್ ಬೆಕರ್ ಎಂಬ ಮಹಿಳೆ. ಹೂವಿಗೆ ಹಣ್ಣನ್ನು ಬೆರೆಸಿದ ಜಾತಿ ಇದು. ಮಲ್ಲಿಗೆ, ಗುಲಾಬಿಗಳ ಜೊತೆಗೆ ಮರಸೇಬು, ಕರಬೂಜ, ಪೀಚ್, ಪ್ಲಮ್ ಎಲ್ಲವೂ ಸೇರಿವೆಯೆಂದು ತಂಗಿ ಪಟ್ಟಿ ಒಪ್ಪಿಸಿದಳು. "ಇಷ್ಟು ಹಣ್ಣು ಹಾಕಿದ ಮೇಲೆ ಒಂದು ಚಮಚ ಜೇನುತುಪ್ಪ ಬಿಟ್ಟಿದ್ದರೆ ರಸಾಯನವಾದರೂ ಆಗುತ್ತಿತ್ತು" ಎಂದೆ. ಯಾರೂ ನಗಲಿಲ್ಲ.

ಅಂದು ಸಂಜೆ ನಡುಮನೆಯಲ್ಲಿ ಪರೀಕ್ಷೆ ನಡೆಯಿತು. ನನ್ನಾಕೆ ಮಣಿಕಟ್ಟಿಗೆ ಸಿಂಪಡಿಸಿಕೊಂಡ ಕೂಡಲೇ, "ಮರಸೇಬು ಹೆಚ್ಚಿದ ಹಾಗಿದೆ" ಎಂದಳು. ಕಾಫಿ ಆಗುವ ಹೊತ್ತಿಗೆ ಹಣ್ಣು ಮರೆಯಾಗಿ ಹೂ ಬಂದಿತ್ತು. ರಾತ್ರಿ ಊಟದ ಹೊತ್ತಿಗೆ ಅದೂ ತಗ್ಗಿ, ಒಗೆದ ಬಟ್ಟೆಯನ್ನು ಬೀರುವಿನಿಂದ ತೆಗೆದಾಗ ಬರುವಂಥ ಒಂದು ಮೃದುವಾದ ಘಮಲು ಉಳಿದಿತ್ತು. ಇದು ಆಕೆಯ ಕಲ್ಪನೆಯೇನಲ್ಲ. ಮದ್ಯಸಾರ ಮೊದಲು ಆರಿಹೋಗುತ್ತದೆ, ಹಗುರವಾದ ಅಣುಗಳು ಬೇಗನೆ ಹಾರಿಹೋಗುತ್ತವೆ, ಭಾರವಾದವು ಹಿಂದುಳಿಯುತ್ತವೆ. ಹಣ್ಣು ಮುಂದೆ, ಹೂ ನಡುವೆ, ಕಸ್ತೂರಿ ಮತ್ತು ಮರದ ಕಂಪು ಕೊನೆಗೆ, ಹೀಗೆ ಮೆರವಣಿಗೆ.

ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕಿಯೊಬ್ಬರು ಮನೆಗೆ ಬಂದಿದ್ದಾಗ ಇನ್ನೊಂದು ಗುಟ್ಟು ಹೇಳಿದರು. ಸೇಬು, ಮರಸೇಬು, ಪೀಚ್‍ಗಳಿಂದ ಮಲ್ಲಿಗೆಯಿಂದ ತೆಗೆದಂತೆ ಸುಗಂಧಸತ್ತ್ವವನ್ನು ಹಿಂಡಿ ತೆಗೆಯಲಾಗುವುದಿಲ್ಲವಂತೆ. ಹಣ್ಣಿನ ಪರಿಮಳವನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಬೇಕು. ಗೆರ್ಲೇನ್ ಸಂಸ್ಥೆಯವರು 1919ರಲ್ಲಿ ‘ಮಿತ್ಸುಕೊ’ ಎಂಬ ಸುಗಂಧಕ್ಕೆ ಪೀಚ್ ವಾಸನೆಯ ಅಂಥದೊಂದು ವಸ್ತುವನ್ನು ಬೆರೆಸಿದ್ದು ಪ್ರಸಿದ್ಧವಾದ ಸಂಗತಿ. ಮಲ್ಲಿಗೆಯ ಮಾತು ಬೇರೆ. ನಮ್ಮ ನೆರೆಯ ತಮಿಳುನಾಡಿನ ಹೊಲಗಳಲ್ಲಿ ಬಿಡಿಸಿದ ದುಂಡುಮಲ್ಲಿಗೆಯ ಸತ್ತ್ವ ಫ್ರಾನ್ಸಿನವರೆಗೆ ಪ್ರಯಾಣ ಮಾಡುತ್ತದೆ. "ಹಾಗಾದರೆ ಈ ಶೀಸೆಯಲ್ಲಿ ಹೂ ನಿಜ, ಹಣ್ಣು ಸುಳ್ಳು ಎನ್ನಿ" ಎಂದೆ. "ಹೂವಿನಲ್ಲೂ ಅರ್ಧಕ್ಕರ್ಧ ಸುಳ್ಳೇ ಇರುತ್ತದೆ, ಸಾರ್. ಚೆನ್ನಾಗಿ ಹೇಳಿದ ಸುಳ್ಳು" ಎಂದು ನಕ್ಕರು.

ನೆರೆಹೊರೆಯವರ ಅಭಿಪ್ರಾಯಗಳನ್ನೆಲ್ಲ ಬರೆಯುತ್ತ ಹೋದರೆ ಸಂಪಾದಕರು ಕತ್ತರಿ ಹಿಡಿಯುತ್ತಾರೆ. ಎದುರು ಮನೆಯಾಕೆ ಎರಡೇ ಹನಿಗೆ ತಲೆನೋವು ಬಂತೆಂದು ಅಮೃತಾಂಜನ ಕೇಳಿದರು. ಆಮೇಲೆ ಅವರ ಮೈಯಿಂದ ಹೊರಟ ಮಿಶ್ರಗಂಧವನ್ನು ಯಾವ ಫ್ರೆಂಚನೂ ಊಹಿಸಿರಲಾರ. ಅವರ ಮಗಳು, ಬಿ.ಎಸ್ಸಿ. ಓದುವವಳು, "ಇದು ನಮ್ಮ ಚಿಕ್ಕಮ್ಮಂದಿರ ಕಾಲದ್ದು" ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. ನನ್ನ ತಂಗಿಗೋ, ಅದು ಪರದೇಶದಲ್ಲಿ ಮೊದಲನೆಯ ಸಂದರ್ಶನಕ್ಕೆ ಹೋದ ದಿನದ ವಾಸನೆ. "ಕೈ ನಡುಗುತ್ತಿತ್ತು ಅಣ್ಣ. ಆದರೆ ಇದನ್ನು ಹಾಕಿಕೊಂಡಿದ್ದೆ, ಯಾರೋ ಜೊತೆಗಿದ್ದಾರೆ ಅನ್ನಿಸ್ತು" ಎಂದಳು. ಅದನ್ನೇ ತೊಟ್ಟು ನನ್ನಾಕೆಗೆ ಆದ ಅನುಭವ ತದ್ವಿರುದ್ಧ. "ಯಾರೋ ಬೇರೆ ಹೆಂಗಸು ನನ್ನ ಮೈಮೇಲೆ ಬಂದು ಕೂತ ಹಾಗಿದೆ ಕಣ್ರೀ. ಚೆನ್ನಾಗಿದ್ದಾಳೆ, ಆದರೆ ನನ್ನವಳಲ್ಲ." ಒಂದೇ ಶೀಸೆ, ಒಂದೇ ದ್ರವ!

ಇಲ್ಲಿ ಮೇಷ್ಟ್ರ ಚಟ ಸ್ವಲ್ಪ ತೀರಿಸಿಕೊಳ್ಳುತ್ತೇನೆ, ಓದುಗರು ಕ್ಷಮಿಸಬೇಕು. ವಾಸನೆಗೆ ನಮ್ಮಲ್ಲಿ ಕಂಪು, ಗಂಧ, ಪರಿಮಳ, ಘಮ, ನಾತ ಎಂದು ಹೆಸರುಗಳೇನೋ ಇವೆ. ಇವು ಒಳ್ಳೆಯದು, ಕೆಟ್ಟದು ಎಂದು ಹೇಳಿಯಾವೇ ಹೊರತು ಎಂಥದು ಎಂದು ಹೇಳಲಾರವು. ಎಂಥದೆನ್ನಲು ಮಲ್ಲಿಗೆಯದು, ಮಳೆ ಬಿದ್ದ ಮಣ್ಣಿನದು ಎಂದು ಆ ವಸ್ತುವಿನ ಮನೆಬಾಗಿಲಿಗೇ ಹೋಗಬೇಕು. ಇನ್ನೂ ವಿನೋದವೆಂದರೆ ‘ನರುಗಂಪು’ ಎಂಬಲ್ಲಿಯ ನರು, ‘ನಾರುವುದು’ ಎಂಬಲ್ಲಿಯ ನಾರು, ಎರಡೂ ಒಂದೇ ಬೇರಿನ ಚಿಗುರುಗಳು. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, 16 ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಯಾಗುತ್ತದೆಂದು ಲೆಕ್ಕ ಹಾಕಿದ. ಅದನ್ನು ಪೂಸಿಕೊಂಡವರಿಗೆ ಏನನ್ನಿಸುತ್ತದೆಂಬ ಲೆಕ್ಕ ಅವನ ಗಣಿತಕ್ಕೂ ಸಿಗುವಂಥದಲ್ಲ.

ಆ ಸಂಜೆ ಅಮ್ಮನ ಸರದಿಯೂ ಬಂದಿತ್ತು. ನನ್ನಾಕೆ ಮಣಿಕಟ್ಟನ್ನು ಅವಳ ಮೂಗಿನ ಬಳಿ ಹಿಡಿದಳು. ಅಮ್ಮ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡು, "ಸಂಪಿಗೆ" ಎಂದಳು. ಮತ್ತೇನೂ ಹೇಳದೆ ಎದ್ದು ಒಳಗೆ ಹೋದಳು. "ಸಂಪಿಗೆ ಎಲ್ಲಿ ಬಂತಮ್ಮ, ಪಟ್ಟಿಯಲ್ಲಿಲ್ಲ" ಎಂದು ತಂಗಿ ಹಿಂದಿನಿಂದ ಕೂಗಿದಳು. ಪಟ್ಟಿಯಲ್ಲಿ ಮ್ಯಾಗ್ನೋಲಿಯಾ ಎಂಬ ಹೂವೊಂದಿತ್ತು. ಹದಿನೇಳನೆಯ ಶತಮಾನದಲ್ಲಿ ಹುಟ್ಟಿದ ಪಿಯರ್ ಮ್ಯಾಗ್ನೋಲ್ ಎಂಬ ಫ್ರೆಂಚ್ ಸಸ್ಯವಿಜ್ಞಾನಿಯ ಹೆಸರಿನ ಆ ಕುಲಕ್ಕೇ ನಮ್ಮ ಸಂಪಿಗೆಯೂ ಸೇರಿದೆಯೆಂದು ನಾನು ತಿಳಿದದ್ದು ಎಷ್ಟೋ ದಿನಗಳ ಮೇಲೆ.

ನಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ಒಂದು ಸಂಪಿಗೆಯ ಮರವಿತ್ತು. ಅಪ್ಪ ದೋಟಿಯಿಂದ ಎರಡು ಹೂ ಕಿತ್ತು, ಒಂದನ್ನು ದೇವರಿಗಿಟ್ಟು, ಇನ್ನೊಂದನ್ನು ಅಡಿಗೆಮನೆಯ ಹೊಸ್ತಿಲ ಮೇಲೆ ಇಡುತ್ತಿದ್ದರು. ಕೈಗೆ ಕೊಟ್ಟದ್ದನ್ನು ನಾನೆಂದೂ ಕಾಣೆ. ಅಮ್ಮ ಸೌಟು ಕೆಳಗಿಟ್ಟು ಬಂದು ಅದನ್ನು ಮುಡಿಯುತ್ತಿದ್ದಳು. ಅಪ್ಪ ತೀರಿಕೊಂಡದ್ದು 2017ರಲ್ಲಿ. ಕರ್ಮಗಳ ಮಧ್ಯೆ ಒಂದು ದಿನ, ಹೆಸರು ಬೇಡ, ಹಿರಿಯ ಬಂಧುವೊಬ್ಬರು ಅಮ್ಮನಿಗೆ ಕೊನೆಯ ಸಲ ಹೂ ಮುಡಿಸಿ, ತಾವೇ ಅದನ್ನು ತೆಗೆದರು. ಅಮ್ಮನ ಕೈ ತಡೆಯುವಂತೆ ಒಮ್ಮೆ ತಲೆಯ ಹಿಂದಕ್ಕೆ ಹೋಗಿ, ಅಲ್ಲೇ ನಿಂತು, ಕೆಳಗಿಳಿಯಿತು. ನಾನು ಬಾಗಿಲಲ್ಲಿ ಖರ್ಚಿನ ಚೀಟಿಗಳನ್ನು ಹಿಡಿದು ನಿಂತಿದ್ದೆ. ಪಂಪನಿಗೆ ಬನವಾಸಿಯ ನೆನಪು ಯಾವ ಯಾವ ಕಂಪಿನಿಂದ ಬರುತ್ತದೆಂದು ತರಗತಿಯಲ್ಲಿ ಒಂದು ಗಂಟೆ ಮಾತನಾಡಬಲ್ಲ ನನಗೆ ಅಂದು ‘ಬೇಡ, ಬಿಡಿ’ ಎಂಬ ಎರಡು ಶಬ್ದಗಳು ಹೊರಡಲಿಲ್ಲ.

ಆಮೇಲೆಯೂ ಪ್ರತಿ ಶುಕ್ರವಾರ ನಾನು ದೇವರಾಜ ಮಾರುಕಟ್ಟೆಯಿಂದ ಬಿಡಿ ಹೂ ತರುತ್ತೇನೆ. ಕಟ್ಟುವವಳು ಅಮ್ಮನೇ. ದೇವರ ಹೂವನ್ನು ಮೂಸಬಾರದಲ್ಲವೇ? ಮೊಗ್ಗುಗಳ ರಾಶಿಯ ಮುಂದೆ ಮುಖ ತುಸು ಓರೆ ಮಾಡಿ ಕುಳಿತು ಕಟ್ಟುತ್ತಾಳೆ. ಸೊಸೆಗೆ ಒಂದು ತುಂಡು ಕತ್ತರಿಸಿ ಕೊಟ್ಟು, ಕೈ ತೊಳೆದು ಏಳುತ್ತಾಳೆ.

ತಂಗಿ ಹಿಂದಿರುಗಿದಳು, ಶೀಸೆ ನಮ್ಮ ಕೋಣೆಯ ಬೀರುವಿನ ಮೇಲ್ಗಡೆಯ ಹಲಗೆ ಸೇರಿತು. ಹಬ್ಬ ಮದುವೆಗಳಿಗಲ್ಲದೆ ನನ್ನಾಕೆ ಅದನ್ನು ಮುಟ್ಟುತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ, ಪರೀಕ್ಷೆಯ ಮೇಲ್ವಿಚಾರಣೆ ಬೇಗ ಮುಗಿದು, ನಾನು ಎಂದಿಗಿಂತ ಮುಂಚೆ ಮನೆಗೆ ಬಂದೆ. ಅಮ್ಮ ಕಿಟಕಿಯ ಬಳಿ ಕುಳಿತು ಧಾರಾವಾಹಿ ಓದುತ್ತಿದ್ದಳು. ಕೆಳಗೆ ಬಿದ್ದಿದ್ದ ಕನ್ನಡಕದ ಪೆಟ್ಟಿಗೆಯನ್ನು ಎತ್ತಿಕೊಡಲು ಬಾಗಿದೆ. ನನ್ನಂಥ ಜಡನಾಸಿಕನಿಗೂ ತಿಳಿಯುವಷ್ಟು ಸ್ಪಷ್ಟವಾಗಿತ್ತು.

"ಏನೋ ಪರಿಮಳ ಬರ್ತಿದೆಯಲ್ಲಮ್ಮ?"

"ಸೋಪಿರಬೇಕು ಕಣೋ" ಎಂದಳು, ಪುಟದಿಂದ ಕಣ್ಣು ತೆಗೆಯದೆ.

ಒಂದೇ ವಾಸನೆಯಲ್ಲಿ ಕುಳಿತಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮೂಗಿಗೆ ಅದು ತಿಳಿಯದಂತಾಗುತ್ತದೆ. ಸುಗಂಧ ತೊಟ್ಟವರಿಗೆ ಅದು ಆರಿಹೋಯಿತೆನ್ನಿಸಿದರೂ ಎದುರಿಗಿರುವವರಿಗೆ ತಿಳಿಯುತ್ತಲೇ ಇರುತ್ತದೆ. ಪಾಪ, ಅಮ್ಮನಿಗೆ ಈ ಶಾಸ್ತ್ರ ಯಾರು ಹೇಳಬೇಕು!

ರಾತ್ರಿ ದೊಡ್ಡ ರಹಸ್ಯವೊಂದನ್ನು ಹೊರಗೆಡಹುವವನಂತೆ ನನ್ನಾಕೆಗೆ ಹೇಳಿದೆ. ಆಕೆ ಹಾಸಿಗೆ ಕೊಡವುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ನಿಮಗೆ ಈಗ ಗೊತ್ತಾಯ್ತೇ? ಎರಡು ತಿಂಗಳಾಯಿತು. ಮೇಲಿನ ಹಲಗೆ ಅವರಿಗೆ ಎಟುಕೊಲ್ಲ, ಸ್ಟೂಲು ಹತ್ತುತ್ತಿದ್ದರು. ಬಿದ್ದುಗಿದ್ದರೆ ಏನು ಗತಿ ಅಂತ ನಾನೇ ಕೆಳಗಿನ ಹಲಗೆಗೆ ಇಳಿಸಿದೆ."

"ನಾಳೆ ನಾನೇ ಅಮ್ಮನ ಹತ್ತಿರ ಮಾತಾಡುತ್ತೇನೆ. ಕದ್ದುಮುಚ್ಚಿ ಯಾಕೆ? ಧಾರಾಳವಾಗಿ ಹಾಕಿಕೊಳ್ಳಲಿ. ಹೂವನ್ನೂ ಮುಡಿಯಲಿ. ಈ ಕಾಲದಲ್ಲಿ ಯಾರು ಏನು..."

"ಸುಮ್ಮನಿರಿ. ನೀವು ಬಾಯಿಬಿಟ್ಟರೆ ಅವರು ನಾಳೆಯಿಂದ ಅದನ್ನೂ ಬಿಟ್ಟುಬಿಡುತ್ತಾರೆ." ಹೊದಿಕೆಯನ್ನು ಮಡಿಸಿ ಇಟ್ಟು, ದನಿ ತಗ್ಗಿಸಿ, "ಮಾತಾಡುವ ದಿನ ಒಂದಿತ್ತು" ಎಂದಳು. ದೀಪ ಆರಿಸಿದಳು. ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಆಗಿನಿಂದ ನಾನು ಮಧ್ಯಾಹ್ನ ಬೇಗ ಬರುವುದಿದ್ದರೆ ಗೇಟನ್ನು ಸ್ವಲ್ಪ ಜೋರಾಗಿಯೇ ತೆಗೆಯುತ್ತೇನೆ. ಶೀಸೆಯ ಮಟ್ಟ ತಿಂಗಳು ತಿಂಗಳಿಗೂ ಇಳಿಯುತ್ತ ಬಂದು ಈಗ ತಳದಲ್ಲಿ ಒಂದು ಬೆರಳಷ್ಟು ಉಳಿದಿದೆ.

ಮೊನ್ನೆ ಭಾನುವಾರ ತಂಗಿಯ ಫೋನು ಬಂತು. ಈ ದಸರೆಗೂ ಬರುತ್ತಾಳಂತೆ; ಯಾರು ಯಾರಿಗೆ ಏನೇನು ತರಲಿ ಎಂದು ಕೇಳಿದಳು. "ನಿನ್ನ ಅತ್ತಿಗೆಗೆ ಅದೇ ಸೆಂಟು ಇರಲಿ" ಎಂದೆ.

"ಅಯ್ಯೋ, ಅವರಿಗೆ ಅದು ಒಗ್ಗಲಿಲ್ಲವಲ್ಲ ಅಣ್ಣ! ಅಷ್ಟು ಬೇಗ ಮುಗಿದುಹೋಯಿತೇ?"

ಏನು ಹೇಳಲಿ ಎಂದು ನಾನು ತಡವರಿಸುತ್ತಿರುವಾಗ ಅಡಿಗೆಮನೆಯಿಂದ ಅಮ್ಮನ ಧ್ವನಿ ಕೇಳಿಸಿತು:

"ಶೀಸೆ ಒಡೆದುಗಿಡೆದೀತು, ಹತ್ತಿಯ ಸೀರೆಯಲ್ಲಿ ಸುತ್ತಿ ತರೋದಕ್ಕೆ ಹೇಳೋ ಅವಳಿಗೆ."